ಅಜ್ಜನ ಕಾಲದ 12 ಬೋರಿಗೆ ಸ್ಲಿಪ್-ಆನ್ ಪ್ಯಾಡ್ ಯಾವುದು ಹಾಕ್ಬೇಕು?

ಪ್ರಶ್ನೆ: ನಮ್ಮದು ಗಂಗಾವತಿ ಕಡೆ ಹಳ್ಳಿ ಸರ್. ಅಜ್ಜಂದು ಒಂದು 12 ಬೋರ್ ಡಿಬಿಬಿಎಲ್ (ಎರಡು ನಳಿಗಿಯ, ಹಿಂದಿಂದ ತೋಟಾ ತುಂಬೋ) ಬಂದೂಕು ಐತಿ, ಈಗ ನನ್ನ ಲೈಸೆನ್ಸಿಗೆ ಏರೈತಿ. ಬ್ಯಾರಲ್ ಮ್ಯಾಲೆ ಕಲ್ಕತ್ತಾದ ಅಂಗಡಿ ಹೆಸರು, ಕೆಳಗ ಬರ್ಮಿಂಗ್‌ಹ್ಯಾಮ್ ಮಾರ್ಕು. ರೇಂಜಿನ್ಯಾಗ ಕ್ಲೇ (ಗಾಳ್ಯಾಗ ಹಾರಿಸೋ ಗುರಿ ಬಿಲ್ಲಿ) ಹೊಡಿಯಾಕ ಹೋದ್ರ ಒಂದು ಬಾಕ್ಸ್ ತೋಟಾ ಮುಗಿಯೋದ್ರಾಗ ಭುಜ ನೀಲಿ ಆಗತೈತಿ. ಹಿಂದಿನ ಕರಿ ಪ್ಲೇಟು ಕೆಳಗಿನ ಮೂಲ್ಯಾಗ ಸೀಳೈತಿ. ಅಪ್ಪಾಜಿ ಕಟಿಗಿ ಕೊಯ್ಸಿ ಪರ್ಮನೆಂಟ್ ರಬ್ಬರ್ ಹಾಕ್ಸಿಬಿಡು ಅಂತಾರ, ನನಗ ಮನಸ್ಸಿಲ್ಲ. ಸ್ಲಿಪ್-ಆನ್ ಪ್ಯಾಡಿನ್ಯಾಗ ಲೆದರ್ ಚಲೋನೋ ರಬ್ಬರ್ ಚಲೋನೋ, ಎಷ್ಟು ದಪ್ಪದ್ದು ತಗೋಬೇಕು?

ಉತ್ತರ: ಮೊದಲು ಅಪ್ಪಾಜಿ ಮಾತಿಗೆ ಉತ್ತರ ಹೇಳಿಬಿಡ್ತೀನಿ. ಕೊಯ್ಸಬ್ಯಾಡ್ರಿ. ಪರ್ಮನೆಂಟ್ ಪ್ಯಾಡ್ ಕೂಡಸ್ಬೇಕಂದ್ರ ಉದ್ದ ಹೊಂದಸಾಕ ಹಿಂದಿನ ಕಟಿಗಿ ತೆಗಿತಾರ, ಹೊಸ ಸ್ಕ್ರೂಗೆ ತೂತು ಹೊಡಿತಾರ, ಆಮ್ಯಾಲೆ ಪ್ಯಾಡಿನ ಅಂಚು ಉಜ್ಜೋವಾಗ ಪಕ್ಕದ ಹಳೇ ಪಾಲಿಶೂ ಹೋಗೇ ಹೋಗತೈತಿ. ಕೊಯ್ದ ಮ್ಯಾಲೆ ಮೊದಲಿನಂಗ ಮಾಡೋ ದಾರಿ ಇಲ್ರಿ, ತುಂಡು ಅಂಟಿಸಿದ್ರೂ ಗೆರಿ ಕಾಣ್ತೈತಿ. ಈ ಬಂದೂಕಿನ ಬೆಲೆ ಅರ್ಧಕ್ಕರ್ಧ ಅದರ ಮೂಲ ಕಟಿಗಿ, ಮೂಲ ಅಳತಿ, ಆ ಕರಿ ಪ್ಲೇಟಿನ್ಯಾಗ ಐತಿ. ಸ್ಲಿಪ್-ಆನ್ ಅಂದ್ರ ಬಟ್ಟಿಗೆ (ಭುಜಕ್ಕ ಒತ್ತೋ ಕಟಿಗಿಯ ಹಿಂದಿನ ತುದಿಗೆ) ಸಾಕ್ಸ್ ಹಾಕ್ದಂಗ ಹಾಕೋದು ತೆಗೆಯೋದು, ಒಂದು ಮೊಳೆಯ ಗುರುತೂ ಉಳಿಯಂಗಿಲ್ಲ. ನಿಮ್ಮ ಮನಸ್ಸು ಹೇಳಿದ್ದ ಸರಿ ಐತಿ.

ಕಲ್ಕತ್ತಾ ಹೆಸರು ನೋಡಿ ಬಂದೂಕು ಅಲ್ಲೇ ಮಾಡಿದ್ದು ಅಂತ ನಮ್ಮ ಕಡೆ ಭಾಳ ಮಂದಿ ತಿಳ್ಕೊಂಡಿರ್ತಾರ. ಮ್ಯಾಂಟನ್, ಆರ್. ಬಿ. ರಾಡ್ಡಾ, ಲಯನ್ ಅಂಡ್ ಲಯನ್ ಇವೆಲ್ಲ ಕಲ್ಕತ್ತಾದಾಗ ಬಂದೂಕು ಮಾರೋ ದೊಡ್ಡ ಅಂಗಡಿಗಳು, ಆದ್ರ ಅಲ್ಲಿ ಮಾರಿದ ಮಾಲು ಹೆಚ್ಚಿನದು ಬರ್ಮಿಂಗ್‌ಹ್ಯಾಮಿನ್ಯಾಗ ತಯಾರಾಗಿ ಬಂದದ್ದು, ಮ್ಯಾಲೆ ಅಂಗಡಿಯೋರ ಹೆಸರು ಕೊರೆಸ್ತಿದ್ರು. ಆಗ ರಾಯಚೂರು ನಿಜಾಮರ ಕೈಯಾಗ, ಕೊಪ್ಪಳ ಸಾಲಾರ್ ಜಂಗರ ಜಾಗೀರು, ಬಳ್ಳಾರಿ ಮದ್ರಾಸ್ ಸರ್ಕಾರದ್ದು, ಸಂಡೂರು ಘೋರ್ಪಡೆಯವರ ಸಂಸ್ಥಾನ. ಇಷ್ಟು ದರ್ಬಾರು ಇದ್ದ ಮ್ಯಾಲೆ ಇಂಥ ಬಂದೂಕು ನಮ್ಮ ವಾಡೇವುಗಳಾಗ ಇವತ್ತಿಗೂ ಸಿಗೋದು ದೊಡ್ಡ ಮಾತಲ್ಲ. ಇದನ್ನ ಯಾಕ ಹೇಳಿದೆ ಅಂದ್ರ ನಿಮ್ಮ ಭುಜ ನೋಯೋದಕ್ಕೂ ಆ ಬಂದೂಕು ಯಾವ ದೇಶದ ಮಂದಿಗೆ ಅಂತ ಮಾಡಿದ್ದು ಅನ್ನೋದಕ್ಕೂ ನೇರ ಸಂಬಂಧ ಐತಿ, ಸ್ವಲ್ಪ ಮುಂದ ಬರ್ತೀನಿ.

ಪ್ಯಾಡಿಗೆ ರೊಕ್ಕ ಹಾಕೋಕ್ಕಿಂತ ಮೊದಲು ತೋಟಾ ನೋಡ್ರಿ. ಪ್ಯಾಡ್ ನಿಮ್ಮ ಭುಜ ಕಾಯ್ತೈತಿ, ಬಂದೂಕನ್ನ ಕಾಯಂಗಿಲ್ಲ. ಗುಂಡು ಹಾರಿದಾಗ ಬ್ಯಾರಲ್ಲು, ಆ್ಯಕ್ಷನ್ನು (ಗುಂಡು ಹಾರಿಸೋ ಕಬ್ಬಿಣದ ನಡುಭಾಗ), ಆ್ಯಕ್ಷನ್ ಹಿಂದ ಕಟಿಗಿ ಸೇರೋ ಜಾಗ ಇವಕ್ಕ ಬೀಳೋ ಪೆಟ್ಟು ಪ್ಯಾಡ್ ಇದ್ರೂ ಬಿಟ್ರೂ ಅಷ್ಟ. ಪ್ಯಾಡ್ ಹಾಕಿದ್ಮ್ಯಾಲೆ ನೋವಾಗಂಗಿಲ್ಲ ಅಂತ ಜೋರಿನ ತೋಟಾ ಹಾಕ್ಕೋತ ಹೋದ್ರ ಮುರಿಯೋದು ಹಳೇ ವಾಲ್‌ನಟ್ಟು ಕಟಿಗಿ. ಬ್ಯಾರಲ್ ಬಿಚ್ಚಿ ತಿರುವಿ ಹಾಕಿ ಕೆಳಗಿನ ಚಪ್ಪಟೆ ಜಾಗದಾಗ ಏನು ಹೊಡದೈತಿ ಓದ್ರಿ. ನೈಟ್ರೋ ಪ್ರೂಫ್ (ಹೊಗೆ ಇಲ್ಲದ ಇವತ್ತಿನ ಮದ್ದಿಗೆ ಪರೀಕ್ಷೆ ಮಾಡಿದ ಗುರುತು) ಅಂತ ಐತೇನು, ಪಕ್ಕಕ್ಕ ಚರೆ ತೂಕದ 1⅛ ಔನ್ಸ್ ಥರ ಅಂಕಿ ಐತೇನು, ಚೇಂಬರ್ (ತೋಟಾ ಕೂಡೋ ಗೂಡು) 2½ ಇಂಚು ಅಂತ ಐತೇನು. 2½ ಇಂಚು ಅಂದ್ರ 65 ಎಂಎಂ ತೋಟಾ ಮಾತ್ರ. ಇಲ್ಲೊಂದು ಮೋಸ ಐತ್ರಿ, 70 ಎಂಎಂ ತೋಟಾದ ಬಾಯಿ ಮಡಿಚಿರ್ತಾರಲ್ಲ, ಹಂಗಾಗಿ ಹೊಡಿಯೋಕ್ಕಿಂತ ಮೊದಲು ಅದು ಗಿಡ್ಡ ಇರ್ತೈತಿ, 65ರ ಚೇಂಬರಿನ್ಯಾಗ ಸಲೀಸಾಗಿ ಕೂಡ್ತೈತಿ, ಬಂದೂಕೂ ಮುಚ್ಚಿಕೋತೈತಿ. ಹೊಡೆದಾಗ ಮಡಿಕಿ ಬಿಚ್ಚಿ ಮುಂದಿನ ಕಿರಿದಾದ ಜಾಗಕ್ಕ ಹೋಗಿ ಅಡ್ಡ ನಿಲ್ತೈತಿ, ಒತ್ತಡ ಏರ್ತೈತಿ, ಒದೆತಾನೂ ಏರ್ತೈತಿ. ಕೂತತಿ ಅಂದ ಮಾತ್ರಕ್ಕ ಸರಿ ಐತಿ ಅಂತಲ್ಲ. ಖಡ್ಕಿ ಫ್ಯಾಕ್ಟರಿ ಶಕ್ತಿಮಾನ್ ತೋಟಾ ತಗೊಂಡ್ರೂ, ಬ್ಯಾರೆ ಯಾವುದು ತಗೊಂಡ್ರೂ ಬಾಕ್ಸಿನ ಮ್ಯಾಲೆ ಎಂಎಂ ಓದೇ ತಗೋರಿ. ಬ್ಯಾರಲ್ ಮ್ಯಾಲೆ ಸುರುಳಿ ಸುರುಳಿ ಗೆರಿ ಕಾಣ್ತಿದ್ರ ಅದು ಡಮಾಸ್ಕಸ್ (ಕಬ್ಬಿಣ, ಉಕ್ಕಿನ ಪಟ್ಟಿ ಸುತ್ತಿ ಬೆಸೆದ ಹಳೇ ನಳಿಗಿ), ನೈಟ್ರೋ ಪ್ರೂಫ್ ಇಲ್ದಿದ್ರ ಇವತ್ತಿನ ತೋಟಾ ಅದರಾಗ ಹಾಕಲೇಬ್ಯಾಡ್ರಿ, ಕೆಲಸ ಬಲ್ಲ ಗನ್‌ಸ್ಮಿತ್ ಕಡೆ ಬ್ಯಾರಲ್ಲಿನ ಗೋಡೆ ದಪ್ಪ ಅಳತಿ ಮಾಡ್ಸಿದ ಮ್ಯಾಲೇ ಮುಂದಿನ ಮಾತು.

ಬರ್ಮಿಂಗ್‌ಹ್ಯಾಮಿನ ಬಂದೂಕು ತಯಾರಕ ಡಬ್ಲ್ಯೂ. ಡಬ್ಲ್ಯೂ. ಗ್ರೀನರ್ ಹೆಸರಿನ್ಯಾಗ ಒಂದು ಹಳೇ ಲೆಕ್ಕ ಓಡಾಡತೈತಿ, ಬಂದೂಕಿನ ತೂಕ ಚರೆಯ ತೂಕದ 96 ಪಟ್ಟು ಇರ್ಬೇಕು ಅಂತ. ನಿಮ್ಮ ಬಂದೂಕು 3 ಕೆಜಿ ತೂಗಿದ್ರ ಚರೆ 31 ಗ್ರಾಂ ದಾಟಬಾರದು. ಇಂಥ ಹಗುರ ಬಂದೂಕಿಗೆ 32, 34 ಗ್ರಾಂ ತೋಟಾ ಹಾಕಿದ್ರ ಯಾವ ಪ್ಯಾಡ್ ಏನು ಮಾಡಾಕ ಆಗತೈತಿ ಹೇಳ್ರಿ. 32 ಬಿಟ್ಟು 28 ಗ್ರಾಮಿಗೆ ಬಂದ್ರ ಅದ ವೇಗದಾಗ ಒದೆತದ ಶಕ್ತಿ ಹತ್ರಹತ್ರ ಐದನೇ ಒಂದು ಪಾಲು ಇಳಿತೈತಿ, ಕ್ಲೇ ಒಡಿಯಾಕ 28 ಧಾರಾಳ ಸಾಕು, 24 ಸಿಕ್ರ ಇನ್ನೂ ಚಲೋ.

ಈಗ ಪ್ಯಾಡಿಗೆ ಬರೋಣ. ಎಲ್ಲರೂ ಕೇಳೋದು ಮೆತ್ತಗಿರೋದು ಯಾವುದು ಅಂತ. ನಾನು ಹೇಳೋದು ಸ್ಲಿಪ್-ಆನ್ ಆರಿಸೋದು ಅಂದ್ರ ಮೊದಲು ಬಂದೂಕಿನ ಉದ್ದ ಆರಿಸೋದು, ಮೆತ್ತಗಿನ ಮಾತು ಅದಾದ ಮ್ಯಾಲೆ. ಯಾಕಂದ್ರ ಪರ್ಮನೆಂಟ್ ಪ್ಯಾಡಿನ್ಯಾಗ ಕಟಿಗಿ ಕೊಯ್ದು ಉದ್ದ ಹೊಂದಸ್ತಾರ, ಸ್ಲಿಪ್-ಆನಿನ್ಯಾಗ ಹಂಗಿಲ್ಲ, ಪ್ಯಾಡ್ ಎಷ್ಟು ದಪ್ಪ ಐತೋ ಬಂದೂಕು ಅಷ್ಟೂ ಉದ್ದ ಆಗತೈತಿ. ಇಲ್ಲೇ ನಾನು ಮೊದಲು ಹೇಳಿದ ಮಾತು ಬರ್ತೈತಿ. ಈ ಬಂದೂಕು ಕಟ್ಟಿದೋರು ಥಂಡಿ ದೇಶದಾಗ, ಉಣ್ಣಿ ವೇಸ್ಟ್‌ಕೋಟು ಮ್ಯಾಲೆ ದಪ್ಪ ಕೋಟು ಹಾಕ್ಕೊಂಡು ನಿಂತು ಹೊಡಿಯೋರು. ಭುಜಕ್ಕೂ ಕಟಿಗಿಗೂ ನಡುವ ಅಷ್ಟು ದಪ್ಪ ಬಟ್ಟೆ ಇರ್ತಿತ್ತು. ಬಳ್ಳಾರಿ, ಗಂಗಾವತಿ ಬಿಸಿಲಾಗ ನಾವು ತೆಳ್ಳನ ಕಾಟನ್ ಅಂಗಿ ಹಾಕ್ಕೊಂಡು ಅದ ಬಂದೂಕು ಭುಜಕ್ಕ ಹಚ್ತೀವಿ, ಅಂದ್ರ ಬಂದೂಕು ಅಷ್ಟು ಗಿಡ್ಡ ಆದಂಗ, ಮೂಗು ಹೆಬ್ಬೆಟ್ಟಿಗೆ ಹತ್ರ ಬಂತು, ಹಿಡಿತ ಸಡಿಲಾತು, ನಡುವಿದ್ದ ಗಾದಿನೂ ಹೋತು. ಹಂಗಾಗಿ ಭಾಳ ಮಂದಿಗೆ ಅರ್ಧ ಇಂಚಿನ ಪ್ಯಾಡ್ ಹಾಕಿದ ಕೂಡ್ಲೇ ಬಂದೂಕು ಸರಿ ಹೊಂದಿದಂಗ ಅನಸ್ತೈತಿ, ಅದರಾಗ ಪ್ಯಾಡಿನ ರಬ್ಬರಿನಷ್ಟೇ ಆ ಅರ್ಧ ಇಂಚು ಉದ್ದದ್ದೂ ಪಾಲೈತಿ.

ಅಳಿಯೋದು ಹಿಂಗ. ಬಂದೂಕು ಖಾಲಿ ಐತಿ ಅಂತ ಎರಡೂ ಚೇಂಬರ್ ಬೆರಳು ಹಾಕಿ ನೋಡ್ಕೋರಿ. ಟೈಲರ್ ಟೇಪು ತಗೊಂಡು ಮುಂದಿನ ಟ್ರಿಗರ್ ನಡುಮಧ್ಯದಿಂದ ಹಿಂದಿನ ಪ್ಲೇಟಿನ ನಡುಮಧ್ಯದ ತನಕ ಅಳೀರಿ, ಎರಡು ಟ್ರಿಗರ್ ಇದ್ರ ಮುಂದಿನದ ಲೆಕ್ಕ. ಹಳೇ ಇಂಗ್ಲಿಷ್ ಬಂದೂಕು ಸಾಮಾನ್ಯವಾಗಿ 14 ಇಂಚಿಂದ 14¾ ಇಂಚಿನೊಳಗ ಬರ್ತಾವ. ಮೊಣಕೈ ಮಡಿಚಿ ತೋಳಿನ ಸಂದಿಗೆ ಬಟ್ ಇಟ್ಟು ಬೆರಳು ಟ್ರಿಗರ್ ಮುಟ್ಟತೈತೇನು ನೋಡೋ ಪದ್ಧತಿ ಐತಲ್ಲ, ಅದನ್ನ ನಂಬಬ್ಯಾಡ್ರಿ, ಕುತ್ತಿಗಿ ಉದ್ದ ಇದ್ದೋರಿಗೂ ಗಿಡ್ಡ ಇದ್ದೋರಿಗೂ ಅದು ಒಂದ ಉತ್ತರ ಕೊಡ್ತೈತಿ. ಭುಜಕ್ಕ ಹಚ್ಚಿ ಕೆನ್ನಿ ಊರಿ ನಿಂತಾಗ ಹೆಬ್ಬೆಟ್ಟಿನ ಗಿಣ್ಣಿಗೂ ಮೂಗಿಗೂ ಎರಡು ಬೆರಳು ಸಂದು ಇದ್ರ ಉದ್ದ ಸರಿ ಐತಿ. ಒಂದ ಬೆರಳು ಇದ್ರ ಪ್ಯಾಡ್ ಬೇಕು. ಮೂರು ಬೆರಳು ಸಂದು ಈಗಾಗ್ಲೇ ಇದ್ರ ಸ್ಲಿಪ್-ಆನ್ ನಿಮಗಲ್ಲ, ಅದಕ್ಕ ಬ್ಯಾರೆ ದಾರಿ ಕೆಳಗ ಹೇಳ್ತೀನಿ.

ಪ್ಯಾಡ್ ತರಸೋಕ್ಕಿಂತ ಮೊದಲು ದಪ್ಪ ಎಷ್ಟು ಬೇಕು ಅಂತ ಮನ್ಯಾಗ ನೋಡಬಹುದು. ಗಟ್ಟಿ ರಟ್ಟು ತಗೊಂಡು ಬಟ್ಟಿನ ಆಕಾರಕ್ಕ ನಾಕಾರು ತುಂಡು ಕೊಯ್ರಿ, ಒಂದರ ಮ್ಯಾಲೊಂದು ಕಾಲು ಇಂಚು ಆಗೋಹಂಗ ಜೋಡಿಸಿ ಹಿಂದಿನ ಪ್ಲೇಟಿಗೆ ಇಟ್ಟು, ಮಾಸ್ಕಿಂಗ್ ಟೇಪನ್ನ ಕಟಿಗಿಗೆ ತಾಗದಂಗ ಒಂದು ತೆಳ್ಳನ ಬಟ್ಟಿ ಸುತ್ತಿ ಅದರ ಮ್ಯಾಲೆ ಹಚ್ರಿ. ನೀವು ರೇಂಜಿಗೆ ಹಾಕ್ಕೊಂಡು ಹೋಗೋ ಅಂಗೀನ ಹಾಕ್ಕೋರಿ. ಗೋಡಿ ಮ್ಯಾಲೆ ಒಂದು ಗುರುತು ನೋಡಿ, ಕಣ್ಣು ಮುಚ್ಚಿ, ಬಂದೂಕು ಭುಜಕ್ಕ ಏರಿಸಿ ಕಣ್ಣು ತೆರೀರಿ. ಎಲ್ಲಿ ನೋಡ್ತೀರಿ, ಬಟ್ಟಿನ ಮ್ಯಾಲಿನ ಮೂಲಿ ಕಂಕುಳಾಗ ಸಿಕ್ಕೋತೇನು, ಕೈ ಚಾಚಿ ಹಿಡಿಯೋಹಂಗ ಆತೇನು. ಕಾಲು ಇಂಚು ಆದ ಮ್ಯಾಲೆ ಅರ್ಧ, ಆಮ್ಯಾಲೆ ಮುಕ್ಕಾಲು. ಸಿಕ್ಕೋಳಾಕ ಶುರು ಆದ ದಪ್ಪಕ್ಕಿಂತ ಒಂದು ಮೆಟ್ಟಿಲು ಕೆಳಗ ಇಳಿದ್ರ ಅದ ನಿಮ್ಮ ದಪ್ಪ. ನಮ್ಮ ಕಡೆ ಮಂದಿ ಎತ್ತರಕ್ಕ ಹೆಚ್ಚಾಗಿ ಅರ್ಧ ಇಂಚಿನ ಆಸುಪಾಸಿಗೇ ಬಂದು ನಿಲ್ತೈತಿ, ಒಂದು ಇಂಚಿಂದು ಆರಡಿ ಮನುಷ್ಯಾಗ ಸರಿ.

ಇದರಾಗ ಒಂದು ಸೂಕ್ಷ್ಮ ಐತಿ, ಮಾರೋರು ಹೇಳಂಗಿಲ್ಲ. ಹಳೇ ಬಂದೂಕಿನ ಕಟಿಗಿ ಮುಂದಿಂದ ಹಿಂದಕ್ಕ ಭಾಳ ಇಳಿಜಾರು, ಕೆನ್ನಿ ಊರೋ ಜಾಗದಾಗ ಬ್ಯಾರಲ್ ಗೆರಿಗಿಂತ ಒಂದೂವರೆ ಇಂಚು ಕೆಳಗಿದ್ರ ತೀರ ಹಿಂದಿನ ಮೂಲ್ಯಾಗ ಎರಡೂವರೆ ಇಂಚು ಇಲ್ಲಾ ಅದಕ್ಕೂ ಕೆಳಗ ಇರ್ತೈತಿ. ಪ್ಯಾಡ್ ಹಾಕಿ ಉದ್ದ ಮಾಡಿದ್ರ ನಿಮ್ಮ ಕೆನ್ನಿ ಅಷ್ಟು ಹಿಂದಕ್ಕ ಸರೀತೈತಿ, ಹಿಂದ ಅಂದ್ರ ಕೆಳಗ, ಕಣ್ಣೂ ಒಂದು ಎಳ್ಳಿನಷ್ಟು ಕೆಳಗ ಇಳಿತೈತಿ, ಹೊಡ್ತ ಕೆಳಗ ಬೀಳ್ತೈತಿ. ಅರ್ಧ ಇಂಚಿನ ಪ್ಯಾಡಿಗೆ 35-40 ಗಜದಾಗ ಎರಡು ಇಂಚಿನ ಮ್ಯಾಲೆ ಫರಕು ಬರಬಹುದು. ದೊಡ್ಡದಲ್ಲ, ಆದ್ರ ಪ್ಯಾಡ್ ಹಾಕಿದ ದಿನ ದೊಡ್ಡ ಕಾಗದ ಕಟ್ಟಿ ನಾಕು ಹೊಡ್ತ ಹೊಡದು ಚರೆ ಎಲ್ಲಿ ಕೂಡ್ತಾವ ಅಂತ ನೋಡದ ಕ್ಲೇ ಕಡೆ ಹೋಗಬ್ಯಾಡ್ರಿ.

ನೀಲಿ ಎಲ್ಲಿ ಆಗೈತಿ ಅಂತ ನೀವು ಬರೆದಿಲ್ಲ, ಕನ್ನಡಿ ಮುಂದ ನಿಂತು ನೋಡ್ಕೋರಿ. ಭುಜದ ಗುಳ್ಯಾಗ, ಅಂದ್ರ ಕಾಲರ್ ಎಲುಬಿನ ಕೆಳಗ, ಒಂದ ಸಮ ಹರಡಿ ಆಗಿದ್ರ ಬಂದೂಕು ಸರಿ ಜಾಗದಾಗ ಕೂತೈತಿ, ಒದೆತ ಹೆಚ್ಚಾಗೈತಿ ಅಷ್ಟ, ಅದಕ್ಕ ಪ್ಯಾಡ್ ಮತ್ತ ಹಗುರ ತೋಟಾ ಔಷಧ. ತೋಳಿನ ಮಾಂಸದ ಮ್ಯಾಲೆ ಆಗಿದ್ರ ನೀವು ಹೊರಗ ಹಚ್ಚಾಕತ್ತೀರಿ, ಬಂದೂಕು ಉದ್ದ ಆದ್ರ ಅದು ಇನ್ನೂ ಹೊರಗ ಹೋಗತೈತಿ, ಪ್ಯಾಡ್ ಬ್ಯಾಡ. ಎದಿ ಕಡೆ ಒಂದ ಬೊಟ್ಟಿನಷ್ಟು ಕರ್ರಗಾಗಿದ್ರ ಕೆಳಗಿನ ಮೂಲಿ ಚುಚ್ಚಾಕತ್ತೈತಿ, ಅದು ಬಟ್ಟಿನ ಕೋನದ ತಕರಾರು. ನಡುಬೆರಳಿಗೆ ಟ್ರಿಗರ್ ಗಾರ್ಡ್ ಬಡಿದು ಬಾತಿದ್ರ ಬಂದೂಕು ಗಿಡ್ಡ ಆಗೈತಿ ಅನ್ನೋದಕ್ಕ ಪಕ್ಕಾ ಸಾಕ್ಷಿ. ಕೆನ್ನಿ ನೋಯ್ತಿದ್ರ ಹಿಂದಿನ ಪ್ಯಾಡಿಗೆ ಅದರ ಸಂಬಂಧ ಕಮ್ಮಿ, ತಲಿ ಎತ್ತಿ ಹೊಡಿಯೋ ರೂಢಿ ಇಲ್ಲಾ ಕಟಿಗಿ ಎತ್ತರದ ಮಾತದು.

ಕೋನ ಅಂದೆ, ಅದನ್ನ ನೋಡೋದು ಸುಲಭ. ಬಂದೂಕನ್ನ ಗೋಡಿ ಪಕ್ಕ ನೆಲಕ್ಕ ಬಟ್ ಪೂರ್ತಿ ಕೂಡೋಹಂಗ ನಿಲ್ಲಿಸಿ, ಆ್ಯಕ್ಷನ್ ಗೋಡಿಗೆ ತಾಗೋ ತನಕ ಸರಸ್ರಿ, ನಳಿಗಿ ಬಾಯಿಗೂ ಗೋಡಿಗೂ ನಡುವ ಎಷ್ಟು ಸಂದು ಐತಿ ಅಳೀರಿ. ಪ್ಯಾಡ್ ಹಾಕಿ ಮತ್ತ ಅಳೀರಿ. ಎರಡೂ ಒಂದ ಬಂದ್ರ ಆ ಪ್ಯಾಡ್ ಸಮ ಐತಿ. ಸಂದು ಕಮ್ಮಿ ಆದ್ರ ಪ್ಯಾಡಿನ ಕೆಳಗಿನ ಭಾಗ ದಪ್ಪ, ಚುಚ್ಚತೈತಿ, ವಾಪಸ್ ಕೊಡ್ರಿ.

ಲೆದರೋ ರಬ್ಬರೋ? ನಿಮ್ಮ ಬಂದೂಕಿಗೆ ನಾನು ಲೆದರ್ ಅಂತೀನಿ, ಕಾರಣ ಅಂದಚಂದ ಅಲ್ಲ. ರಬ್ಬರ್ ಅಂಗಿಗೆ ಹಿಡ್ಕೋತೈತಿ. ಕ್ಲೇ ಹಾರಿದಾಗ ಬಂದೂಕು ಒಂದ ಏಟಿಗೆ ಭುಜಕ್ಕ ಬರ್ಬೇಕು, ರಬ್ಬರಿನ ಮ್ಯಾಲಿನ ಮೂಲಿ ಕಾಟನ್ ಅಂಗೀನ ಹಿಡದು ಅರ್ಧಕ್ಕ ನಿಂತ್ರ ಬಟ್ ತಪ್ಪು ಜಾಗಕ್ಕ ಕೂಡ್ತೈತಿ, ಆ ಹೊಡ್ತದ ನೋವು ಪ್ಯಾಡ್ ಇಲ್ಲದ್ದಕ್ಕಿಂತ ಹೆಚ್ಚು. ಲೆದರ್ ಜಾರಿ ಬಂದು ಕೂಡ್ತೈತಿ. ಬೆವರಿದ ಅಂಗಿಗೂ ಅಷ್ಟ. ಇನ್ನೊಂದು, ರಬ್ಬರ್ ಹಳೇ ಎಣ್ಣಿ ಪಾಲಿಶಿಗೂ ಲ್ಯಾಕರಿಗೂ ತಿಂಗಳುಗಟ್ಟಲೆ ಅಂಟಿಕೊಂಡಿದ್ರ ಕಲಿ ಬೀಳ್ತೈತಿ, ಪಾಲಿಶ್ ಮೆತ್ತಗಾಗತೈತಿ, ನಮ್ಮ ಮೇ ತಿಂಗಳ ಸೆಕಿಗೆ ಅದು ಇನ್ನೂ ಜಲ್ದಿ. ಹಂಗಂತ ಬರೇ ಲೆದರಿಂದ ಏನೂ ಆಗಂಗಿಲ್ಲ, ಒಳಗ ಏನು ತುಂಬ್ಯಾರ ಅನ್ನೋದು ಮುಖ್ಯ. ಸೋರ್ಬೋಥೇನ್ ಥರ ನಿಧಾನಕ್ಕ ತಗ್ಗಿ ನಿಧಾನಕ್ಕ ಏಳೋ ಮಾಲು ಎಲ್ಲಕ್ಕಿಂತ ಚಲೋ, ಪೆಟ್ಟಿನ ಹೊತ್ತನ್ನ ಉದ್ದ ಮಾಡ್ತೈತಿ. ಹೆಬ್ಬೆಟ್ಟಿಲೆ ಜೋರಾಗಿ ಒತ್ತಿ ನೋಡ್ರಿ, ತಳ ಗಟ್ಟಿಯಾಗಿ ಬೆರಳಿಗೆ ತಾಕಿದ್ರ ಆ ಫೋಮ್ ಮೆತ್ತಗ ಅನಿಸಿದ್ರೂ ತೋಟಾ ಹಾರಿದಾಗ ಪೂರ್ತಿ ಕುಗ್ಗಿ ಕಟಿಗೀನ ನೇರ ಭುಜಕ್ಕ ಕೊಡ್ತೈತಿ.

ರಬ್ಬರ್ ತಗೊಳ್ಳೋದೇ ಆದ್ರ ಪ್ಯಾಚ್‌ಮೇಯರ್ ಡಿಸೆಲರೇಟರ್, ಲಿಂಬ್‌ಸೇವರ್ ಎರಡೂ ಕುಗ್ಗೋ ಗುಣದಾಗ ಒಳ್ಳೇವು, ಸೈಜ್ ಸ್ಮಾಲ್, ಮೀಡಿಯಂ, ಲಾರ್ಜ್ ಅಂತ ಬರ್ತಾವ. ಹಳೇ ಇಂಗ್ಲಿಷ್ ಬಟ್ಟು ಅಮೆರಿಕದ ಬಟ್ಟಿಗಿಂತ ತೆಳ್ಳಗ, ಅದಕ್ಕ ಸ್ಮಾಲಿಂದ ಶುರು ಮಾಡ್ರಿ, ಮೀಡಿಯಂ ಹಾಕಿದ್ರ ಹೊಡ್ತ ಹೊಡ್ತಕ್ಕ ತಿರುಗಿಕೋತೈತಿ. ಮ್ಯಾಲಿನ ಮೂಲಿಯಿಂದ ಕೆಳಗಿನ ಮೂಲಿ ಎಷ್ಟು, ಅತೀ ಅಗಲ ಎಷ್ಟು ಅಂತ ಅಳದು ಮಾರೋರ ಅಳತಿ ಜೊತಿ ಹೊಂದಿಸಿ ನೋಡ್ರಿ. ಹಾಕೋವಾಗ ಒಳಗ ಒಂದೀಟು ಟಾಲ್ಕಂ ಪೌಡರ್ ಉದುರಿಸಿದ್ರ ಸಲೀಸಾಗಿ ಏರ್ತೈತಿ. ಜಾರ್ತೈತಿ ಅಂತ ಡಬಲ್ ಟೇಪ್ ಹಚ್ಚಬ್ಯಾಡ್ರಿ, ಕೀಳೋವಾಗ ಪಾಲಿಶ್ ಸಮೇತ ಬರ್ತೈತಿ, ಮೆತ್ತನ ಚರ್ಮದ ತೆಳ್ಳನ ಪಟ್ಟಿ ಒಳಗ ಇಟ್ರ ಸಾಕು.

ಇನ್ನ ಬೆಲ್ಟಿನ ಕಡಿ ನೋಡ್ರಿ. ಹೊಲ ಕಾಯಾಕ ಹೆಗಲಿಗೆ ಹಾಕ್ಕೊಂಡು ತಿರುಗಿದ ನಮ್ಮ ಕಡೆ ಬಂದೂಕಿಗೆ ಬಟ್ಟಿನ ಕೆಳಗ ಬೆಲ್ಟ್ ಸಿಗಿಸೋ ಕಡಿ (ಉಂಗುರ) ಹೊಡ್ಸಿರ್ತಾರ. ಸ್ಲಿಪ್-ಆನಿನ ತೋಳು ಕಟಿಗಿ ಮ್ಯಾಲೆ ಎರಡು ಮೂರು ಇಂಚು ಮುಂದ ಬರ್ತೈತಿ, ಕಡಿ ಅಡ್ಡ ಬಂದ್ರ ಪ್ಯಾಡ್ ಪೂರ್ತಿ ಏರಂಗಿಲ್ಲ. ಕೆಳಗಿನ ಮೂಲಿಯಿಂದ ಕಡಿ ತನಕ ಎಷ್ಟೈತಿ ಮೊದಲ ಅಳೀರಿ. ಜಾಗ ಸಾಲದಿದ್ರ ಲೇಸ್ ಕಟ್ಟೋ ಲೆದರ್ ಪ್ಯಾಡ್ ನೋಡ್ರಿ, ಇಲ್ಲಾ ಬ್ಯಾಗ್, ಚಪ್ಪಲಿ ಹೊಲಿಯೋ ಕೆಲಸ ಬಲ್ಲೋರ ಕಡೆ ಬಂದೂಕಲ್ಲ, ಬಟ್ಟಿನ ಆಕಾರ ಬರೆದ ರಟ್ಟು ಒಯ್ದು ಕೊಟ್ಟು ಕಡಿ ಜಾಗ ಬಿಟ್ಟು ಹೊಲಸ್ರಿ. ಹೊಲಿಗಿಯ ಗಂಟು ಕೆನ್ನಿ ಕಡೆ ಬರಬಾರದು ಅಂತ ಮೊದಲ ಹೇಳ್ರಿ, ಗಿಡ್ಡ ಕುತ್ತಿಗಿ ಇದ್ದೋರಿಗೆ ತೋಳಿನ ಅಂಚು ದವಡಿಗೆ ತಾಗತೈತಿ.

ಮೂರು ಬೆರಳು ಸಂದು ಇದ್ದೋರಿಗೆ ಬ್ಯಾರೆ ದಾರಿ ಅಂದಿದ್ನಲ್ಲ, ಅಂಗಿಗೆ ಪ್ಯಾಡ್. ಬಳ್ಳಾರಿಯಾಗ ಜೀನ್ಸ್ ಹೊಲಿಯೋರಿಗೆ ಬರವಿಲ್ಲ, ತೋಳಿಲ್ಲದ ಹಗುರ ಜಾಕೆಟ್ಟಿಗೆ ಬಲಗಡೆ ಭುಜದ ಮ್ಯಾಲೆ ಒಂದು ಕಿಸೆ ಹೊಲಿಸಿ, ಕಾಲು ಇಂಚಿನ ಮೆತ್ತನ ಶೀಟು ಒಳಗಿಟ್ಟು, ಮ್ಯಾಲೆ ನುಣ್ಣನ ಲೆದರ್ ತುಂಡು ಹಾಕ್ಸಿದ್ರ ಬಂದೂಕಿಗೆ ಕೈನೇ ಹಚ್ಚದ ಕೆಲಸ ಆಗತೈತಿ. ಅದೂ ಉದ್ದಾನ ಸ್ವಲ್ಪ ಏರಿಸ್ತೈತಿ, ಆದ್ರ ಬಟ್ಟಿಗೆ ತೂಕ ಬೀಳಂಗಿಲ್ಲ. ಹಳೇ ಬಂದೂಕು ನಳಿಗಿ ಮಡಚೋ ಹಿಂಜ್ ಹತ್ರ ತೂಗಿ ನಿಲ್ಲೋಹಂಗ ಕಟ್ಟಿರ್ತಾರ, ಹಿಂದ ತೂಕ ಹೆಚ್ಚಾದ್ರ ನಳಿಗಿ ಗಾಳ್ಯಾಗ ಆಡ್ತೈತಿ, ಅದಕ್ಕ ಭಾರದ ಪ್ಯಾಡ್ ಯಾರಿಗೂ ಬ್ಯಾಡ.

ಸೀಳಿದ ಕರಿ ಪ್ಲೇಟಿನ ಬಗ್ಗೆ. ಅದು ಎಬೊನೈಟೋ (ಗಟ್ಟಿ ಮಾಡಿದ ರಬ್ಬರ್) ಕೊಂಬೋ ಇರ್ತೈತಿ, ಎರಡೂ ವಯಸ್ಸಾದಂಗ ಪಟಕ್ ಅಂತಾವ. ಫೆವಿಕ್ವಿಕ್ ಹಾಕಬ್ಯಾಡ್ರಿ, ಸ್ಕ್ರೂ ಬಿಚ್ಚಾಕನೂ ಹೋಗಬ್ಯಾಡ್ರಿ, ಹಳೇ ಸ್ಕ್ರೂ ಗೆರಿ ತೆಳ್ಳಗಿರ್ತೈತಿ, ಮನಿ ಸ್ಕ್ರೂಡ್ರೈವರ್ ಹಾಕಿದ್ರ ಹರದು ಹೋಗತೈತಿ. ಸೀಳಿನ ಮ್ಯಾಲೆ ತೆಳ್ಳನ ಫೆಲ್ಟ್ ತುಂಡು ಇಟ್ಟು ಅದರ ಮ್ಯಾಲೆ ಪ್ಯಾಡ್ ಏರಿಸ್ರಿ, ಒತ್ತಡ ಒಂದ ಕಡೆ ಬೀಳಂಗಿಲ್ಲ, ಇನ್ನಷ್ಟು ಸೀಳಂಗಿಲ್ಲ.

ರೇಂಜಿಂದ ಬಂದ ಕೂಡ್ಲೇ ಪ್ಯಾಡ್ ತೆಗೀರಿ, ಲೆದರ್ ಇರ್ಲಿ ರಬ್ಬರ್ ಇರ್ಲಿ. ಬೆವರು, ಉಪ್ಪು ಒಳಗ ಕೂತ್ರ ಕಟಿಗಿ ಕಪ್ಪಾಗತೈತಿ. ಒಣ ಬಟ್ಟೀಲೆ ಒರೆಸಿ, ಪ್ಯಾಡ್ ನೆರಳಾಗ ಬ್ಯಾರೆ ಇಡ್ರಿ, ಮೇ ತಿಂಗಳಾಗ ಮುಚ್ಚಿದ ಕಾರಿನ್ಯಾಗ ಬಿಟ್ರ ರಬ್ಬರ್ ಜಿಗುಟಾಗತೈತಿ, ಲೆದರ್ ಬಿರುಸಾಗತೈತಿ. ಲೆದರಿಗೆ ಅಡಿಗಿ ಎಣ್ಣಿ ಹಚ್ಚಬ್ಯಾಡ್ರಿ, ಕಟಿಗಿಗೆ ಇಳಿತೈತಿ, ಬಣ್ಣ ಇಲ್ಲದ ಮೇಣದ ಪಾಲಿಶ್ ಸಾಕು. ಚುನಾವಣೆ ಬಂತು ಅಂದ್ರ ಬಂದೂಕು ಠಾಣೆಗೋ ಡೀಲರ್ ಕಡೆಗೋ ಜಮಾ ಮಾಡ್ಬೇಕಾಗತೈತಿ, ಅದು ವಾರಗಟ್ಟಲೆ ಅಲ್ಲೇ ಮೂಲ್ಯಾಗ ನಿಂತಿರ್ತೈತಿ. ಆಗಂತೂ ಪ್ಯಾಡ್ ಮನ್ಯಾಗ ಬಿಡ್ರಿ, ಲೆದರ್ ಕವರೂ ಬಿಡ್ರಿ, ಚರ್ಮ ಥಂಡಿ ಹಿಡ್ಕೊಂಡು ಕಬ್ಬಿಣಕ್ಕ ತುಕ್ಕು ತರ್ತೈತಿ. ನಳಿಗಿಗೆ ತೆಳ್ಳಗ ಎಣ್ಣಿ ಹಚ್ಚಿ, ಕಾಟನ್ ಬಟ್ಟಿ ಸುತ್ತಿ ಕೊಡ್ರಿ, ರಸೀದಿ ಮ್ಯಾಲೆ ಬಂದೂಕಿನ ನಂಬರ್ ಸರಿ ಬರೆದಾರೇನು ಅಂತ ಅಲ್ಲೇ ನಿಂತು ಓದಿ ತಗೋರಿ.